ಆಂಟಿಬಯಾಟಿಕ್ ಮುಗಿದ ಮೇಲೆ ಹೊಟ್ಟೆಗೆ ಯಾವುದು ಒಳ್ಳೆಯದು, ಕೊಂಬುಚಾನಾ ರಾಗಿ ಅಂಬಲಿನಾ?

ಕೊಂಬುಚಾ (ಸಿಹಿ ಚಹಾವನ್ನು ಹುಳಿ ಬರಿಸಿ ಮಾಡುವ ಪಾನೀಯ), ಅಂಬಲಿ, ಈ ಎರಡರಲ್ಲಿ ಯಾವುದರಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಜಾಸ್ತಿ ಅಂತ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಕೊನೆಯಲ್ಲಿ ಒಂದು ಮಾತು ಬರೆದಿದ್ದೀರಲ್ಲ, ಅಂಬಲಿ ಹುಳಿ ಬರಿಸಲು ಅಜ್ಜಿಯ ಹಿತ್ತಾಳೆ ಪಾತ್ರೆಯನ್ನು ಅಟ್ಟದಿಂದ ಇಳಿಸಿದ್ದೇನೆ ಅಂತ, ಅದನ್ನು ಓದಿ ನನಗೆ ಸುಮ್ಮನಿರಲು ಆಗಲಿಲ್ಲ.

ನಾಲ್ಕು ವರ್ಷದ ಹಿಂದೆ ನನಗೆ ಟೈಫಾಯಿಡ್ ಆಗಿತ್ತು. 14 ದಿನ ಆಂಟಿಬಯಾಟಿಕ್. ಜ್ವರ ಹೋಯಿತು, ಹೊಟ್ಟೆ ಮಾತ್ರ ದಾರಿಗೆ ಬರಲಿಲ್ಲ. ಏನು ತಿಂದರೂ ಉಬ್ಬರ. ಆಫೀಸಿನ ಗೆಳತಿಯೊಬ್ಬಳು ಕೊಂಬುಚಾ ಕುಡಿ ಅಂದಳು. ಒಂದು ಬಾಟಲಿ ತಂದು ಕುಡಿದೆ, ಎದೆ ಉರಿ ಶುರುವಾಯಿತು. ಆಗ ಮಂಡ್ಯದ ಮನೆಯ ಅಂಬಲಿ ನೆನಪಾಯಿತು. ಅಜ್ಜಿ ತೀರಿಕೊಂಡ ಮೇಲೆ ಅವರ ಹಿತ್ತಾಳೆ ತಪ್ಪಲೆ ನನ್ನ ಪಾಲಿಗೆ ಬಂದಿತ್ತು.

ತಪ್ಪಲೆಯ ಒಳಗಡೆ ಮಂಕಾಗಿ, ಬೂದು ಬಣ್ಣಕ್ಕೆ ಇತ್ತು. ಅಲ್ಲಲ್ಲಿ ಹಳದಿ ಇಣುಕುತ್ತಿತ್ತು. ವರ್ಷಗಟ್ಟಲೆ ಕೂತ ಕೊಳೆ ಅಂದುಕೊಂಡೆ. ಹುಣಸೆಹಣ್ಣು, ಉಪ್ಪು, ಸ್ಟೀಲ್ ನಾರು ಹಿಡಿದು ಒಂದು ಭಾನುವಾರ ಪೂರ್ತಿ ಕೂತು ಉಜ್ಜಿದೆ. ಸಂಜೆ ಹೊತ್ತಿಗೆ ಒಳಗೂ ಹೊರಗೂ ಚಿನ್ನದ ಹಾಗೆ ಹೊಳೆಯುತ್ತಿತ್ತು.

ನಾನು ಉಜ್ಜಿ ತೆಗೆದದ್ದು ಕೊಳೆ ಅಲ್ಲ, ಕಲಾಯಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನನಗೆ ಯಾರೂ ಹೇಳಿರಲಿಲ್ಲ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು ಸೇರಿಸಿದ ಲೋಹ. ಹುಳಿ ತಾಗಿದರೆ ತಾಮ್ರ ಕರಗಿ ಊಟಕ್ಕೆ ಇಳಿಯುತ್ತದೆ. ಅದು ಇಳಿಯದೇ ಇರಲಿ ಅಂತಲೇ ಒಳಗೆ ತವರದ ಲೇಪ ಕೊಡುತ್ತಾರೆ, ಅದೇ ಕಲಾಯಿ. ಪಾತ್ರೆಯನ್ನು ಬೆಂಕಿಯಲ್ಲಿ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ತಾಗಿಸಿ, ಹತ್ತಿಯಿಂದ ಒರೆಸುತ್ತಾ ಬಂದರೆ ಬೆಳ್ಳಿಯ ಹಾಗೆ ಹರಡಿಕೊಳ್ಳುತ್ತದೆ. ಆ ಲೇಪ ಹಳೆಯದಾದರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅಳಿದುಳಿದಿದ್ದ ಅದನ್ನೇ ನಾನು ಕೆರೆದು ತೆಗೆದಿದ್ದೆ. ಅಮೆರಿಕದ ಆಹಾರ ನಿಯಮಗಳಲ್ಲಿ ಪಿಹೆಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 6ಕ್ಕಿಂತ ಕಡಿಮೆ ಇರುವ ಪದಾರ್ಥ ತಾಮ್ರಕ್ಕಾಗಲಿ ಹಿತ್ತಾಳೆಗಾಗಲಿ ತಾಗಬಾರದು ಅಂತಲೇ ಇದೆ. ಹುಳಿ ಮಜ್ಜಿಗೆ 4.5ರ ಆಸುಪಾಸು ಇರುತ್ತದೆ. ಕೊಂಬುಚಾ 3ರ ಹತ್ತಿರ, ಅಂದರೆ ಇನ್ನೂ ಹುಳಿ.

ಆ ರಾತ್ರಿ ರಾಗಿ ಹಿಟ್ಟಿಗೆ ನೀರು, ಒಂದು ಸೌಟು ಹುಳಿ ಮಜ್ಜಿಗೆ ಹಾಕಿ ಅದೇ ತಪ್ಪಲೆಯಲ್ಲಿ ಮುಚ್ಚಿಟ್ಟೆ. ಬೆಳಗ್ಗೆ ಅದರಲ್ಲೇ ಕಾಯಿಸಿ ಎರಡು ಲೋಟ ಕುಡಿದೆ. ಬಾಯಿ ಒಗರು, ನಾಲಿಗೆ ಮೇಲೆ ನಾಣ್ಯ ಇಟ್ಟ ಹಾಗೆ. ಹುಳಿ ಚೆನ್ನಾಗಿ ಬಂದಿದೆ ಅಂದುಕೊಂಡೆ. ಅರ್ಧ ಗಂಟೆಯಲ್ಲಿ ವಾಂತಿ. ಕೆಟ್ಟ ಬ್ಯಾಕ್ಟೀರಿಯಾ ಸಾಯುವಾಗ ಹೀಗೆಲ್ಲ ಆಗುತ್ತೆ, ಹೊಟ್ಟೆ ಶುದ್ಧಿಯಾಗುತ್ತಿದೆ ಅಂತ ಎಲ್ಲೋ ಓದಿದ್ದೆ. ಅದನ್ನು ನಂಬಿ ಮೂರು ದಿನ ಕುಡಿದೆ. ಮೂರನೇ ದಿನ ಏಳು ವರ್ಷದ ಮಗಳಿಗೂ ಅರ್ಧ ಲೋಟ ಕೊಟ್ಟೆ.

ಅವಳ ವಾಂತಿ ನಿಲ್ಲಲೇ ಇಲ್ಲ. ಗಾಬರಿಯಿಂದ ಅಮ್ಮನಿಗೆ ಫೋನ್ ಮಾಡಿದರೆ ಅವರು ಮೊದಲು ಕೇಳಿದ್ದು, "ಪಾತ್ರೆ ಯಾವ್ದು ಕಣೇ? ಒಳಗೆ ಕಲಾಯಿ ಇತ್ತಾ?" ಅಂತ. ಅಡುಗೆಮನೆಗೆ ಓಡಿದೆ. ಮಿಕ್ಕ ಅಂಬಲಿಯ ಅಂಚಿನಲ್ಲಿ, ಪಾತ್ರೆಗೆ ಅಂಟಿದ ಕಡೆ, ತೆಳುವಾಗಿ ಹಸಿರು ಗೆರೆ. ಕಿಲುಬು. ಮಗಳಿಗೆ ಒಂದು ದಿನ ಡ್ರಿಪ್ ಹಾಕಬೇಕಾಯಿತು. ಈಗ ಅವಳಿಗೆ ಹನ್ನೊಂದು ವರ್ಷ. ಇವತ್ತಿಗೂ ಅಂಬಲಿ ಅಂದರೆ ಲೋಟ ಪಕ್ಕಕ್ಕೆ ತಳ್ಳುತ್ತಾಳೆ. ನನಗೆ ಅದೇ ದೊಡ್ಡ ನಷ್ಟ.

ಈಗ ನಿಮ್ಮ ಬ್ಯಾಕ್ಟೀರಿಯಾ ಲೆಕ್ಕ. ನನ್ನ ಪ್ರಕಾರ ಆ ಪ್ರಶ್ನೆಯೇ ಸರಿ ಇಲ್ಲ. ರಾತ್ರಿಯಿಡೀ ಹುಳಿ ಬಂದ ಹಿಟ್ಟನ್ನು ಬೆಳಗ್ಗೆ ಕುದಿಸುತ್ತೇವೆ ಅಲ್ವಾ, ಅಲ್ಲಿಗೆ ಅದರ ಬ್ಯಾಕ್ಟೀರಿಯಾ ಸತ್ತ ಹಾಗೇ. ಆದರೂ ಹುಳಿ ಬರಿಸಿದ್ದು ದಂಡವಲ್ಲ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಫೈಟೇಟ್ ಅನ್ನೋ ಅಂಶ ಅದನ್ನೂ ಕಬ್ಬಿಣವನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಹುಳಿ ಬಂದಾಗ ಆ ಹಿಡಿತ ಸಡಿಲವಾಗುತ್ತದೆ, ಮೈಗೆ ಹತ್ತುತ್ತದೆ. ಜೀವ ಇರುವ ಬ್ಯಾಕ್ಟೀರಿಯಾ ಬರುವುದು ಆಮೇಲೆ ಬೆರೆಸುವ ಮಜ್ಜಿಗೆಯಿಂದ. ಹಾಗಾಗಿ ಅಂಬಲಿ ಬೆರಳು ಇಡುವಷ್ಟು ತಣ್ಣಗಾದ ಮೇಲೆಯೇ ಮಜ್ಜಿಗೆ ಹಾಕಿ. ಈರುಳ್ಳಿ, ಉಪ್ಪು, ಒಂದೆಸಳು ಕರಿಬೇವು ಸಾಕು.

2021ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವಾದ ಸ್ಟ್ಯಾನ್‌ಫರ್ಡ್‌ನವರ ಒಂದು ಅಧ್ಯಯನ ಬಂತು. 36 ಆರೋಗ್ಯವಂತರಲ್ಲಿ ಒಂದು ಗುಂಪಿಗೆ 10 ವಾರ ಮೊಸರು, ಕೆಫಿರ್ (ಹುಳಿ ಬರಿಸಿದ ಹಾಲು), ಕಿಮ್ಚಿ (ಹುಳಿ ಬರಿಸಿದ ಕೊರಿಯಾದ ತರಕಾರಿ), ಕೊಂಬುಚಾ ಇಂಥವನ್ನೆಲ್ಲ ಕೊಟ್ಟರು. ಕರುಳಿನ ಸೂಕ್ಷ್ಮಜೀವಿಗಳ ಬಗೆ ಹೆಚ್ಚಿತು, ಉರಿಯೂತದ ಗುರುತುಗಳು ಇಳಿದವು. ಆದರೆ ಅದು ದಿನಾ, ಊಟದ ಜೊತೆ, ವಾರಗಟ್ಟಲೆ. ಮೂರು ದಿನದಲ್ಲಿ ಹೊಟ್ಟೆ ತೊಳೆಯುವ ಔಷಧಿ ಅಲ್ಲ. ಮೊದಲ ಒಂದು ವಾರ ಮಧ್ಯಾಹ್ನದ ಊಟಕ್ಕೆ ಒಂದು ಲೋಟ ತಾಜಾ ಮಜ್ಜಿಗೆ, ಅಷ್ಟೇ ಸಾಕು. ಕೊಂಬುಚಾ ಬೇಕೇ ಬೇಕು ಅನ್ನೋದಾದರೆ ಬಾಟಲಿ ಹಿಂದೆ ಸಕ್ಕರೆ ಎಷ್ಟಿದೆ ನೋಡಿ. ಖಾಲಿ ಹೊಟ್ಟೆಗೆ ಬೇಡ, ಗರ್ಭಿಣಿಯರಿಗಂತೂ ಬೇಡವೇ ಬೇಡ. ಭೇದಿ ನಿಲ್ಲದಿದ್ದರೆ, ರಕ್ತ ಕಂಡರೆ ಇದೆಲ್ಲ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ನಾನು ಈಗ ಹುಳಿ ಬರಿಸುವುದು ಗಾಜಿನ ಜಾಡಿಯಲ್ಲಿ. ತಪ್ಪಲೆಗೆ ಕಲಾಯಿ ಹಾಕಿಸಿದ್ದೇನೆ, ಅದರಲ್ಲಿ ಅನ್ನ ಮಾಡುತ್ತೇನೆ, ಹುಳಿ ಮಾತ್ರ ಇಡುವುದಿಲ್ಲ. ಇವತ್ತೇ ನಿಮ್ಮ ಪಾತ್ರೆಯ ಒಳಗೆ ಟಾರ್ಚ್ ಹಾಕಿ ನೋಡಿ. ಬೂದು ಬಣ್ಣ ಕಂಡರೆ ಅದನ್ನು ಉಜ್ಜಬೇಡಿ.