ಸೇತುವೆಯ ಫಲಕದಲ್ಲಿರುವ ಟನ್ನು ಮತ್ತು ನಿಮ್ಮ ಮೋಟರ್‌ಹೋಮ್

ಪ್ರಶ್ನೆ: ಅಮೆರಿಕದಲ್ಲಿ ನಾವು ಓಡಿಸುವ ಮೋಟರ್‌ಹೋಮ್ (ಮನೆಯಂತೆ ಸಜ್ಜಾದ ದೊಡ್ಡ ವಾಹನ) 36,000 ಪೌಂಡ್ ತೂಗುತ್ತದೆ, ಹಿಂದೆ 4,000 ಪೌಂಡಿನ ಕಾರನ್ನೂ ಎಳೆಯುತ್ತೇವೆ. ಹಳ್ಳಿರಸ್ತೆಯ ಸೇತುವೆಯೊಂದರ ಬಳಿ ‘ಮಿತಿ 15 ಟನ್’ ಎಂಬ ಫಲಕವಿತ್ತು. ಅದು ಲಾರಿಗಳಿಗೆ ಮಾತ್ರ, ಎಂಜಿನಿಯರುಗಳು ಹೇಗೂ ದುಪ್ಪಟ್ಟು ಭಾರಕ್ಕೆ ಕಟ್ಟಿರುತ್ತಾರೆ ಎಂದು ಗೆಳೆಯರು ಹೇಳಿದರು. ದಾಟಬಹುದೇ?

ಉತ್ತರ: ಕೂಡದು. ಅಮೆರಿಕದ ಟನ್ನು 2,000 ಪೌಂಡ್, ಅಂದರೆ ಸುಮಾರು 907 ಕಿಲೋ. ನಿಮ್ಮ ವಾಹನವೊಂದೇ 18 ಟನ್, ಕಾರು ಸೇರಿದರೆ 20. ಲಾರಿಯ ಚಿತ್ರವಿಲ್ಲದೆ ಬರಿಯ ಅಂಕಿಯಿರುವ ಫಲಕ ಎಲ್ಲ ವಾಹನಗಳಿಗೂ ಅನ್ವಯಿಸುತ್ತದೆ, ಏಕೆಂದರೆ ತೊಲೆಗೆ ತಗಲುವುದು ಭಾರವೇ ಹೊರತು ಅದು ಸರಕೋ ಸಂಸಾರವೋ ಎಂಬುದಲ್ಲ. 2015ರ ಕ್ರಿಸ್‌ಮಸ್ ದಿನ ಇಂಡಿಯಾನಾದ ಪಾವೋಲಿಯಲ್ಲಿ 6 ಟನ್ ಮಿತಿಯ ಹಳೆಯ ಕಬ್ಬಿಣದ ಸೇತುವೆ ನೀರಿನ ಬಾಟಲಿಗಳ ಲಾರಿಯಡಿ ಕುಸಿದಾಗ, 6 ಟನ್ನಿಗೆ ಎಷ್ಟು ಪೌಂಡ್ ಎಂಬುದೇ ಚಾಲಕಿಗೆ ಗೊತ್ತಿರಲಿಲ್ಲ.

ದುಪ್ಪಟ್ಟಿನ ಮಾತಂತೂ ಜೀವಕ್ಕೆ ಎರವಾಗುವ ಮೂಢನಂಬಿಕೆ. ಸೇತುವೆಯ ಸಾಮರ್ಥ್ಯವನ್ನು ಎರಡು ಮಟ್ಟದಲ್ಲಿ ಲೆಕ್ಕ ಹಾಕುತ್ತಾರೆ: ಅನುದಿನವೂ ನಿರಾತಂಕವಾಗಿ ಹೊರಬಲ್ಲ ಭಾರ ಒಂದು, ಅಪರೂಪಕ್ಕೆ ತಾಳಬಲ್ಲ ಗರಿಷ್ಠ ಭಾರ ಇನ್ನೊಂದು. ಹಲವು ರಾಜ್ಯಗಳಲ್ಲಿ ಫಲಕದ ಅಂಕಿ ಬರುವುದು ಎರಡನೆಯದರಿಂದ; ನೀವು ನೆಚ್ಚಿಕೊಂಡ ಸುರಕ್ಷತೆಯ ಅಂತರದ ದೊಡ್ಡ ಪಾಲು ಅಲ್ಲೇ ಮುಗಿದಿರುತ್ತದೆ. ಆ ಅಂಕಿಯೂ ತಪ್ಪಿರಬಹುದು. ಪಿಟ್ಸ್‌ಬರ್ಗ್‌ನ ಫರ್ನ್ ಹಾಲೊ ಸೇತುವೆಗೆ 26 ಟನ್ ಮಿತಿಯಿತ್ತು. ತುಕ್ಕು ತಿಂದ ಆ ಸೇತುವೆ 2022ರ ಜನವರಿ 28ರಂದು ಬಸ್ಸಿನ ಸಮೇತ ಕುಸಿಯಿತು. ಸರಿಯಾಗಿ ಲೆಕ್ಕ ಹಾಕಿದ್ದರೆ ಅದನ್ನು ಮೊದಲೇ ಮುಚ್ಚಬೇಕಾಗಿತ್ತು ಎಂದು ತನಿಖೆ ತೋರಿಸಿತು. ಎರಡೇ ಆಕ್ಸಲ್‌ಗಳ (ಚಕ್ರಗಳನ್ನು ಜೋಡಿಸುವ ಅಚ್ಚುಗಳ) ಮೋಟರ್‌ಹೋಮ್ ತನ್ನ ಭಾರದ ಅರ್ಧಕ್ಕಿಂತ ಹೆಚ್ಚನ್ನು ಹಿಂದಿನ ಆಕ್ಸಲ್ ಮೇಲೆ ಹೇರುವುದರಿಂದ, ಅದೇ ತೂಕದ ಐದು ಆಕ್ಸಲ್‌ಗಳ ಉದ್ದ ಲಾರಿಗಿಂತ ಚಿಕ್ಕ ಸೇತುವೆಗೆ ಅದೇ ಹೆಚ್ಚು ಕಠಿಣ. ಆದ್ದರಿಂದ ತಯಾರಕರು ಅಂಟಿಸಿದ ತೂಕದ ಚೀಟಿಯನ್ನು ನಂಬದೆ, ನೀರು, ಇಂಧನ, ಸಾಮಾನು ತುಂಬಿಸಿ ಟ್ರಕ್ ನಿಲ್ದಾಣದ ತಕ್ಕಡಿಯಲ್ಲಿ ಪ್ರತಿ ಆಕ್ಸಲನ್ನೂ ತೂಗಿಸಿ. ಮಿತಿ ಮೀರಿದ್ದರೆ ಹಿಂತಿರುಗಿ, ಬಳಸುದಾರಿ ಎಷ್ಟೇ ದೂರವಿರಲಿ.

ಪ್ರಶ್ನೆ: ವೇಗವಾಗಿ ದಾಟಿದರೆ ಭಾರ ಬೀಳುವುದಿಲ್ಲವಂತೆ?

ಉತ್ತರ: ಶುದ್ಧ ಸುಳ್ಳು, ಚಲಿಸುವ ಚಕ್ರದ ಹೊಡೆತಕ್ಕೆಂದೇ ವಿನ್ಯಾಸದಲ್ಲಿ ಹೆಚ್ಚುವರಿ ಭಾರ ಸೇರಿಸುತ್ತೇವೆ.

ಪ್ರಶ್ನೆ: ನೀರಿನ ಟ್ಯಾಂಕು ಖಾಲಿ ಮಾಡಿದರೆ?

ಉತ್ತರ: 100 ಗ್ಯಾಲನ್ ಚೆಲ್ಲಿದರೆ ಇಳಿಯುವುದು ಸುಮಾರು 830 ಪೌಂಡ್, ಅರ್ಧ ಟನ್ನೂ ಅಲ್ಲ.

ಪ್ರಶ್ನೆ: ಫೋನಿನ ನಕ್ಷೆ ತೋರಿಸಿದ ದಾರಿ ಸಾಕಲ್ಲವೇ?

ಉತ್ತರ: ಕಾರಿಗೆ ಸಾಕು. ನಿಮ್ಮ ತೂಕ ಆ ನಕ್ಷೆಗೆ ಗೊತ್ತಿಲ್ಲ.