ಗುಣಿ ಎಷ್ಟು ಆಳ ಅನ್ನೋದಕ್ಕಿಂತ ಕಸಿ ಗಂಟು ಎಲ್ಲಿದೆ ನೋಡಿ

ಕೆಂಗೇರಿಯಲ್ಲಿ ಮನೆ ಪಕ್ಕದ 30x40 ಸೈಟಿನಲ್ಲಿ ಮಾವು, ಸಪೋಟ, ಸೀಬೆ ಹಾಕಬೇಕು, ಗುಣಿ ಎಷ್ಟು ಆಳ ತೋಡಲಿ ಎಂದು ಕೇಳಿದ್ದೀರಿ. ಉದ್ದ, ಅಗಲ, ಆಳ ಎಲ್ಲಾ ಎರಡು ಅಡಿ ಇದ್ದರೆ ಸಾಕು. ಆದರೆ ಅದರಲ್ಲಿ ಗಿಡ ಎಷ್ಟು ಕೆಳಗೆ ಕೂರುತ್ತದೆ ಅನ್ನೋದೇ ಮುಖ್ಯ.

ಮಾವಿನ ಸಸಿಯ ಕಾಂಡವನ್ನು ಹತ್ತಿರದಿಂದ ನೋಡಿ. ಮಣ್ಣಿನಿಂದ ಸ್ವಲ್ಪ ಮೇಲೆ ಒಂದು ಕಡೆ ಉಬ್ಬಿರುತ್ತದೆ, ತುಸು ಸೊಟ್ಟಗೂ ಇರುತ್ತದೆ. ಅದೇ ಕಸಿ ಗಂಟು. ಅದರ ಮೇಲಿನದು ನೀವು ದುಡ್ಡು ಕೊಟ್ಟು ತಂದ ಮಲ್ಲಿಕಾ ಅಥವಾ ಬಾದಾಮಿ, ಕೆಳಗಿನದು ಯಾವುದೋ ವಾಟೆಯಿಂದ ಹುಟ್ಟಿದ ನಾಟಿ ಗಿಡ. ಈ ಗಂಟು ಯಾವತ್ತೂ ಮಣ್ಣಿನೊಳಗೆ ಹೋಗಬಾರದು. ಹೋದರೆ ಮಳೆಗಾಲದಲ್ಲಿ ಕೊಳೆಯುತ್ತದೆ. ಪ್ಲಾಸ್ಟಿಕ್ ಪಟ್ಟಿ ಇನ್ನೂ ಸುತ್ತಿದ್ದರೆ ಬ್ಲೇಡಿನಿಂದ ನಿಧಾನವಾಗಿ ಕೊಯ್ದು ತೆಗೆಯಿರಿ, ಇಲ್ಲದಿದ್ದರೆ ಕಾಂಡ ದಪ್ಪವಾದಂತೆ ಅದು ಬಿಗಿಯುತ್ತದೆ.

ಗಂಟಿನ ಕೆಳಗೆ ಚಿಗುರು ಬಂದರೆ ಆಗಲೇ ಚಿವುಟಿ ಹಾಕಿ. ಅದು ಬಲು ಬೇಗ ಬೆಳೆದು ಮೇಲಿನ ಕಸಿಯನ್ನೇ ಸಾಯಿಸುತ್ತದೆ. ಗಿಡ ಚೆನ್ನಾಗಿ ಬಂತು ಎಂದು ಖುಷಿಪಡುತ್ತೇವೆ, ಬೆಳೆದಿರುವುದು ನಾಟಿ! ಸಪೋಟವನ್ನು ಸಾಮಾನ್ಯವಾಗಿ ಅದರದೇ ಜಾತಿಗೆ ಹತ್ತಿರದ ಖಿರ್ನಿ ಎಂಬ ಮರದ ಬೇರಿನ ಮೇಲೆ ಕಸಿ ಮಾಡುತ್ತಾರೆ, ಅಲ್ಲೂ ಇದೇ ಎಚ್ಚರ ಬೇಕು. ಸೀಬೆ ಗೂಟಿ ಗಿಡವಾದರೆ, ಅಂದರೆ ಮರದ ಮೇಲಿನ ಕೊಂಬೆಗೇ ಬೇರು ಬರಿಸಿ ಮಾಡಿದ್ದಾದರೆ, ಗಂಟೇ ಇರುವುದಿಲ್ಲ, ಆ ಚಿಂತೆ ಇಲ್ಲ.

ಇನ್ನು ಮಣ್ಣು. ಬೆಂಗಳೂರಿನ ಎಷ್ಟೋ ಸೈಟುಗಳಲ್ಲಿ ಮೇಲೆ ಕೆಂಪು ಮಣ್ಣು, ಒಂದಡಿ ಕೆಳಗೆ ಹಳೇ ಮನೆ ಕೆಡವಿದ ಸಿಮೆಂಟು, ಗಾರೆ. ಸಿಮೆಂಟಿನ ಸುಣ್ಣದಿಂದ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಳೆ ಎಲೆಗಳು ಹಳದಿಯಾಗುತ್ತವೆ, ನರ ಮಾತ್ರ ಹಸಿರು. ಅಂಥದ್ದು ಸಿಕ್ಕರೆ ಪೂರ್ತಿ ಎತ್ತಿ ಹೊರಗೆ ಹಾಕಿ, ಬೇರೆ ಕಡೆಯ ಮಣ್ಣು ತುಂಬಿ. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಹಸಿ ಸಗಣಿ ಬೇಡವೇ ಬೇಡ, ಗೆದ್ದಲು ಬರುತ್ತದೆ.

ನೆಡುವಾಗ ಕವರನ್ನು ಪೂರ್ತಿ ಕೊಯ್ದು ತೆಗೆಯಿರಿ. ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಮೆಲ್ಲಗೆ ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ. ಮಣ್ಣು ಕೂತು ಕೆಳಗಿಳಿಯುತ್ತದೆ, ಹಾಗಾಗಿ ಬುಡ ಸ್ವಲ್ಪ ಎತ್ತರವಾಗಿಯೇ ಇರಲಿ. ಊರುಗೋಲು ಕೊಟ್ಟು ಸಡಿಲವಾಗಿ ಕಟ್ಟಿ. ಜೂನ್‌ನಲ್ಲಿ ಮೃಗಶಿರಾ, ಆರಿದ್ರಾ ಮಳೆ ಬಿದ್ದ ಮೇಲೆ ನೆಟ್ಟರೆ ನೀರಿನ ಕಷ್ಟ ಕಡಿಮೆ.

ಅಷ್ಟು ಜಾಗಕ್ಕೆ ಮಾವಿನ ಗಿಡ ಒಂದೇ ಒಂದು ಸಾಕು. ಪ್ರತಿ ವರ್ಷ ಕೊಯ್ಲು ಮುಗಿದ ಕೂಡಲೇ ಸವರುತ್ತಾ ಕುಳ್ಳಗೆ ಇಟ್ಟುಕೊಳ್ಳಿ. ಕಸಿ ಮಾವು ನೆಟ್ಟ ವರ್ಷವೇ ಹೂ ಬಿಡಬಹುದು. ಆಸೆಯಾಗುತ್ತದೆ ನಿಜ, ಆದರೂ ಮೊದಲ ಮೂರು ವರ್ಷ ಹೂಗೊಂಚಲು ಕಿತ್ತುಬಿಡಿ.

ಸೀಬೆ ಸಸಿ ಇನ್ನೂ ಕೊಂಡಿಲ್ಲ ಅಂದ್ರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅರ್ಕಾ ಕಿರಣ್ ಇದೆಯಾ ವಿಚಾರಿಸಿ. ಅವರೇ ಬೆಳೆಸಿದ ಕೆಂಪು ತಿರುಳಿನ ತಳಿ ಅದು.