ಕಮಾನಿನ ಕೇಂದ್ರ ಎಲ್ಲಿದೆ? ಕ್ಯಾಡ್‌ನಲ್ಲಿ ನಿಖರ ಕಂಸದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮೈಸೂರಿನ ಅಗ್ರಹಾರದ ಹಳೆಯ ಮನೆಯೊಂದರ ಮುಂಬಾಗಿಲಿನ ಕಮಾನನ್ನು ಅಳೆದು, ಕಂಪ್ಯೂಟರಿನಲ್ಲಿ ನಕ್ಷೆ ತಯಾರಿಸುವ ಆಟೋಕ್ಯಾಡ್‌ನಲ್ಲಿ ಬರೆಯುವ ಕೆಲಸವನ್ನು ನನ್ನ ಡಿಪ್ಲೊಮಾ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದೇನೆ. ಟೇಪಿನಲ್ಲಿ ಅಳೆದಾಗ ಅಗಲ 1200 ಮಿ.ಮೀ., ನಡುವಿನ ಏರು 150 ಮಿ.ಮೀ. ಸಿಕ್ಕಿತು. ಮೂರು ಬಿಂದುಗಳ ಕಂಸ ಎಳೆದರೆ ತ್ರಿಜ್ಯ ಒಮ್ಮೆ 1268 ಎಂದೂ ಮತ್ತೊಮ್ಮೆ 1283 ಎಂದೂ ಬರುತ್ತದೆ. ಅಂಕೆಗಳನ್ನು ಟೈಪ್ ಮಾಡಿದರಂತೂ ಕಂಸ ಓರೆಯಾಗಿ ಎಲ್ಲಿಗೋ ಹೋಗುತ್ತದೆ. ಯಾವ ವಿಧಾನ ಸರಿ?
– ಡಿಪ್ಲೊಮಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಮೂರು ಬಿಂದುಗಳ ವಿಧಾನದಲ್ಲಿ ದೋಷವೇನೂ ಇಲ್ಲ. ಒಂದೇ ಸರಳರೇಖೆಯ ಮೇಲಿಲ್ಲದ ಮೂರು ಬಿಂದುಗಳ ಮೂಲಕ ಒಂದೇ ಒಂದು ವೃತ್ತ ಹಾದುಹೋಗುವುದರಿಂದ, ಕೊಟ್ಟ ಬಿಂದುಗಳು ನಿಖರವಾಗಿದ್ದರೆ ಸಿಗುವ ಕಂಸವೂ ನಿಖರವಾಗಿಯೇ ಇರುತ್ತದೆ. ತ್ರಿಜ್ಯ ಸಲಕ್ಕೊಂದು ಬರುತ್ತಿದೆ ಎಂದರೆ ಬಿಂದುಗಳೇ ಸಲಕ್ಕೊಂದು ಕಡೆ ಬೀಳುತ್ತಿವೆ ಎಂದರ್ಥ. ನೀವು ಮೌಸಿನಿಂದ ಕಣ್ಣಂದಾಜಿನಲ್ಲಿ ಕ್ಲಿಕ್ ಮಾಡುತ್ತಿದ್ದೀರಿ. ಪರದೆಯ ಮೇಲೆ ರೇಖೆಯ ತುದಿಯನ್ನೇ ಮುಟ್ಟಿದಂತೆ ಕಂಡರೂ, ಜೂಮ್ ಮಾಡಿ ನೋಡಿದರೆ ಬಿಂದು ಒಂದೆರಡು ಮಿಲಿಮೀಟರ್ ಆಚೀಚೆ ಇರುತ್ತದೆ. ಎಫ್3 ಕೀಲಿ ಒತ್ತಿ ಆಬ್ಜೆಕ್ಟ್ ಸ್ನ್ಯಾಪ್ (ಕರ್ಸರನ್ನು ರೇಖೆಯ ನಿಖರ ಬಿಂದುವಿಗೇ ಹಿಡಿಸುವ ಸೌಲಭ್ಯ) ಚಾಲೂ ಮಾಡಿ, ಅದರಲ್ಲಿ ಎಂಡ್‌ಪಾಯಿಂಟ್, ಮಿಡ್‌ಪಾಯಿಂಟ್, ಸೆಂಟರ್ ಈ ಮೂರನ್ನಾದರೂ ಆಯ್ದುಕೊಂಡು, ಗುರುತು ಕಾಣಿಸಿಕೊಂಡ ಮೇಲೆಯೇ ಕ್ಲಿಕ್ ಮಾಡಬೇಕು.

ಟೈಪ್ ಮಾಡಿದಾಗ ಕಂಸ ಓರೆಯಾಗುವುದಕ್ಕೆ ಕಾರಣ ಬೇರೆ, ಮತ್ತು ಅದು ನನ್ನ ಬಳಿ ಕಲಿಯಲು ಬರುವವರಲ್ಲಿ ಅರ್ಧಕ್ಕರ್ಧ ಮಂದಿಯನ್ನು ಕಾಡುತ್ತದೆ. ಕರ್ಸರಿನ ಪಕ್ಕದಲ್ಲೇ ಅಂಕೆ ತುಂಬುವ ಸೌಲಭ್ಯವಾದ ಡೈನಾಮಿಕ್ ಇನ್‌ಪುಟ್ ಚಾಲೂ ಇದ್ದಾಗ, ಮೊದಲ ಬಿಂದುವಿನ ನಂತರ ನೀವು ಕೊಡುವ ಪ್ರತಿಯೊಂದು ಬಿಂದುವನ್ನೂ ಸಾಫ್ಟ್‌ವೇರ್ ಅದರ ಹಿಂದಿನ ಬಿಂದುವಿನಿಂದ ಎಣಿಸುತ್ತದೆ, ಮೂಲಬಿಂದುವಿನಿಂದಲ್ಲ. ನೀವು 0,0 ಕೊಟ್ಟು, 600,150 ಕೊಟ್ಟು, ಕೊನೆಗೆ 1200,0 ಎಂದು ಟೈಪ್ ಮಾಡಿದರೆ ಮೂರನೆಯ ಬಿಂದು ಬಲಗಡೆಯ ಬುಡದಲ್ಲಿ ಬೀಳದೆ 1800,150ರಲ್ಲಿ ಹೋಗಿ ಕೂರುತ್ತದೆ. ಹಾಗಾಗಿ ಎಫ್12 ಒತ್ತಿ ಆ ಸೌಲಭ್ಯವನ್ನು ನಿಲ್ಲಿಸಿ, ಇಲ್ಲವೇ ಸಂಖ್ಯೆಯ ಮುಂದೆ ಹ್ಯಾಷ್ ಚಿಹ್ನೆ ಸೇರಿಸಿ #1200,0 ಎಂದು ಕೊಡಿ. ಆಗ ತ್ರಿಜ್ಯ ಎಷ್ಟು ಸಲ ಎಳೆದರೂ 1275 ಎಂದೇ ಬರುತ್ತದೆ.

ಈ 1275 ಎಲ್ಲಿಂದ ಬಂತು ಎಂಬುದನ್ನು ಕಾಗದದ ಮೇಲೆ ಒಮ್ಮೆ ಲೆಕ್ಕ ಹಾಕಿ ನೋಡಿ. ಕ್ಯಾಡ್ ತೆರೆಯುವ ಮೊದಲೇ ತ್ರಿಜ್ಯ ಗೊತ್ತಿದ್ದರೆ ಪರದೆಯ ಮೇಲಿನ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ. ಕಂಸದ ಎರಡು ತುದಿಗಳನ್ನು ಸೇರಿಸುವ ರೇಖೆ ಜ್ಯಾ. ಅದರ ನಡುವಿನಿಂದ ಕಂಸದ ನೆತ್ತಿಯವರೆಗಿನ ಎತ್ತರಕ್ಕೆ ನಮ್ಮ ಹಳೆಯ ಗಣಿತದಲ್ಲಿ ಶರ ಎಂದು ಹೆಸರು. ಬಿಲ್ಲು, ಹೆದೆ, ಬಾಣ ಇವನ್ನು ಕಣ್ಣಮುಂದೆ ತಂದುಕೊಂಡರೆ ಆ ಪದಗಳನ್ನು ಯಾಕೆ ಆರಿಸಿದರೆಂದು ಬೇರೆ ವಿವರಿಸಬೇಕಾಗಿಲ್ಲ. ವ್ಯಾಸವನ್ನು ಜ್ಯಾ ಎರಡು ಶರಗಳಾಗಿ ಕತ್ತರಿಸಿದಾಗ, ಆ ಎರಡರ ಗುಣಲಬ್ಧ ಅರ್ಧ ಜ್ಯಾದ ವರ್ಗಕ್ಕೆ ಸಮ ಎಂಬ ನಿಯಮವನ್ನು 499ರ ಆರ್ಯಭಟೀಯದಲ್ಲೇ ಕೊಟ್ಟಿದ್ದಾರೆ. ನಿಮ್ಮ ಕಮಾನಿನಲ್ಲಿ ಅರ್ಧ ಜ್ಯಾ 600, ಅದರ ವರ್ಗ 3,60,000. ಅದನ್ನು ಚಿಕ್ಕ ಶರವಾದ 150ರಿಂದ ಭಾಗಿಸಿದರೆ ದೊಡ್ಡ ಶರ 2400. ಎರಡೂ ಕೂಡಿದರೆ ವ್ಯಾಸ 2550, ತ್ರಿಜ್ಯ 1275. ರೈಲ್ವೆಯವರು ಹಳಿಯ ತಿರುವನ್ನು ಪರೀಕ್ಷಿಸುವುದೂ ಇದೇ ಲೆಕ್ಕದಿಂದ: 20 ಮೀಟರ್ ದಾರವನ್ನು ಹಳಿಯ ಒಳಬದಿಗೆ ಬಿಗಿದು, ನಡುವಿನಲ್ಲಿ ಶರ ಎಷ್ಟು ಮಿಲಿಮೀಟರ್ ಇದೆಯೆಂದು ನೋಡಿ, 50,000ವನ್ನು ಅದರಿಂದ ಭಾಗಿಸಿದರೆ ತಿರುವಿನ ತ್ರಿಜ್ಯ ಮೀಟರಿನಲ್ಲಿ ಸಿಗುತ್ತದೆ.

ಇನ್ನು ನಿಮ್ಮ ನಿಜವಾದ ಸಮಸ್ಯೆಗೆ ಬರೋಣ. ಅದು ಸಾಫ್ಟ್‌ವೇರಿನಲ್ಲಿಲ್ಲ, ಟೇಪಿನಲ್ಲಿದೆ. ಏರನ್ನು 150ರ ಬದಲು 145 ಎಂದು ಓದಿದ್ದರೆ ತ್ರಿಜ್ಯ ಸುಮಾರು 1314 ಆಗುತ್ತದೆ; ಅಂದರೆ ಏರಿನಲ್ಲಿ 5 ಮಿ.ಮೀ. ತಪ್ಪಿದರೆ ತ್ರಿಜ್ಯದಲ್ಲಿ 39 ಮಿ.ಮೀ. ತಪ್ಪುತ್ತದೆ. ಕಮಾನು ಚಪ್ಪಟೆಯಾದಷ್ಟೂ ಈ ತಪ್ಪು ಹಿಗ್ಗುತ್ತದೆ. ಅಗಲವನ್ನು ಒಂದಿಷ್ಟು ಸಡಿಲವಾಗಿ ಅಳೆದರೂ ಹೇಗೋ ನಡೆದೀತು, ಏರಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಬಾರದು. ಕಮಾನು ಹೊರಡುವ ಎರಡು ಬುಡಗಳಿಗೂ ಬಿಗಿಯಾಗಿ ದಾರ ಕಟ್ಟಿ, ಗಾರೆ ಉದುರಿದ ಅಥವಾ ಸುಣ್ಣ ದಪ್ಪಗೆ ಮೆತ್ತಿಕೊಂಡ ಜಾಗವನ್ನು ಬಿಟ್ಟು, ಮೂರು ಸಲ ಏರನ್ನು ಅಳೆಯಿರಿ.

ಅಲ್ಲಿಗೇ ನಿಲ್ಲಿಸದೆ, ದಾರದ ಕಾಲು ಭಾಗದಲ್ಲಿ, ಅಂದರೆ ಬುಡದಿಂದ 300 ಮಿ.ಮೀ. ದೂರದಲ್ಲೂ ಎತ್ತರ ನೋಡಿ. ಕಮಾನು ಒಂದೇ ವೃತ್ತದ ತುಂಡಾಗಿದ್ದರೆ ಅಲ್ಲಿ 114 ಮಿ.ಮೀ. ಇರಬೇಕು. ಅದು 130ರ ಹತ್ತಿರ ಬಂದರೆ ನೀವು ಬರೆಯಬೇಕಾದದ್ದು ಕಂಸವಲ್ಲ, ದೀರ್ಘವೃತ್ತ. ನಡುವೆ ಎಲ್ಲೋ ನಿಂತರೆ ಒಂದಕ್ಕಿಂತ ಹೆಚ್ಚು ಕೇಂದ್ರಗಳಿರುವ ಕಮಾನಿರಬಹುದು. ಎಡ ಬಲಗಳ ಕಾಲು ಭಾಗದ ಎತ್ತರಗಳೇ ಒಂದಕ್ಕೊಂದು ಹೊಂದದಿದ್ದರೆ ಕಮಾನು ಕುಸಿದಿದೆ ಎಂದು ತಿಳಿದು, ಇದ್ದ ಹಾಗೆಯೇ ದಾಖಲಿಸುವುದು ಪ್ರಾಮಾಣಿಕತೆ. ಮೈಸೂರಿನಲ್ಲೇ ಇರುವುದರಿಂದ ಒಮ್ಮೆ ಅರಮನೆಗೂ ಹೋಗಿ ಬನ್ನಿ. 1897ರಲ್ಲಿ ಮರದ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರ ಹೊತ್ತಿಗೆ ಮುಗಿದ ಆ ಕಟ್ಟಡದ ದರ್ಬಾರ್ ಹಾಲಿನ ಕಮಾನುಗಳ ಅಂಚು ಎಸಳೆಸಳಾಗಿದೆ. ಪ್ರತಿ ಎಸಳಿಗೂ ಅದರದೇ ಕೇಂದ್ರ, ಅದರದೇ ತ್ರಿಜ್ಯ. ಅಂಥದ್ದನ್ನು ಒಂದು ಸ್ಪ್ಲೈನಿನಲ್ಲಿ (ಸ್ಥಿರ ತ್ರಿಜ್ಯವಿಲ್ಲದ ಬಾಗುಗೆರೆಯಲ್ಲಿ) ಸುತ್ತಿ ಎಳೆದು ಮುಗಿಸುವುದನ್ನು ನಾನಂತೂ ರೇಖಾಚಿತ್ರ ಎಂದು ಒಪ್ಪುವುದಿಲ್ಲ.

ಒಂದು ಮಾತು ನೆನಪಾಗುತ್ತದೆ. ಬಹಳ ಹಿಂದೆ ಒಂಟಿಕೊಪ್ಪಲಿನ ಬಡಗಿಯೊಬ್ಬರಿಗೆ ನಾನು ಇಂಥದ್ದೇ ಕಮಾನಿನ ಪ್ರಿಂಟ್ ಕೊಟ್ಟಿದ್ದೆ. ಅವರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಮೊಳೆ ಎಲ್ಲಿ ಹೊಡೀಬೇಕು ಅಂತ ಬರೆದೇ ಇಲ್ವಲ್ಲ ಸಾರ್" ಎಂದರು. ಅವರಿಗೆ ಬೇಕಾಗಿದ್ದದ್ದು ಕೇಂದ್ರ. ಬುಡದ ಗೆರೆಯಿಂದ 1125 ಕೆಳಗೆ ಎಂದು ಹೇಳಿದೆ. ಅವರು ನೆಲದ ಮೇಲೆ ಪ್ಲೈವುಡ್ ಹಾಸಿ, ಅಲ್ಲಿ ಮೊಳೆ ಹೊಡೆದು, ದಾರ ಬಿಟ್ಟು ಮರದ ರೀಪರ್ ಎತ್ತಿಕೊಂಡರು; ದಾರವಾದರೆ ಜಗ್ಗುತ್ತದೆ, ರೀಪರ್ ಜಗ್ಗುವುದಿಲ್ಲ ಎಂಬುದು ಅವರ ವಿವರಣೆ. ರೀಪರಿನ ಒಂದು ತುದಿಗೆ ತೂತು, 1275ರ ಅಳತೆಗೆ ಇನ್ನೊಂದು ತೂತು, ಅದರಲ್ಲಿ ಪೆನ್ಸಿಲು. ಅಂದಿನಿಂದ ನನ್ನ ಯಾವ ಕಮಾನಿನ ಚಿತ್ರವೂ ಕೇಂದ್ರದ ಗುರುತು ಮತ್ತು ಬುಡದಿಂದ ಅದರ ದೂರ ಇಲ್ಲದೆ ಹೊರಗೆ ಹೋಗಿಲ್ಲ. ನಿಮ್ಮ ಪ್ರಾಜೆಕ್ಟಿನಲ್ಲೂ ಅದನ್ನು ನಮೂದಿಸಿ. ಯೂನಿಟ್ಸ್‌ನಲ್ಲಿ ದಶಾಂಶವನ್ನು ಸೊನ್ನೆಗೆ ಇಟ್ಟುಕೊಂಡಿದ್ದರೆ 1274.6 ಕೂಡ 1275 ಎಂದೇ ಕಾಣುತ್ತದೆ. ಪರೀಕ್ಷಿಸುವಾಗಲಾದರೂ ನಾಲ್ಕು ದಶಾಂಶ ಸ್ಥಾನ ಇಟ್ಟುಕೊಳ್ಳಿ.

ಪ್ರಶ್ನೆ: ಮಂಡ್ಯದಲ್ಲಿ ಗೇಟು, ಗ್ರಿಲ್ ಮಾಡುವ ಚಿಕ್ಕ ಫ್ಯಾಬ್ರಿಕೇಷನ್ ವರ್ಕ್‌ಶಾಪ್ ನಮ್ಮದು. ಗಿರಾಕಿಗಳು ತರುವ ಡಿಸೈನ್ ಫೈಲನ್ನು ಕಂಪ್ಯೂಟರ್ ನಡೆಸುವ ಸಿ.ಎನ್.ಸಿ. ಪ್ಲಾಸ್ಮಾ ಕಟಿಂಗ್‌ಗೆ ಕಳಿಸಿದರೆ ದುಂಡಗೆ ಬರಬೇಕಾದ ಅಂಚು ಮೂಲೆ ಮೂಲೆಯಾಗಿ ಬರುತ್ತದೆ. ಗ್ರೈಂಡರ್ ಹಿಡಿದು ಉಜ್ಜುವುದೇ ಒಂದು ಕೆಲಸವಾಗಿದೆ. ಕಂಪ್ಯೂಟರಿನಲ್ಲೂ ಕೆಲವೊಮ್ಮೆ ಹಾಗೇ ಕಾಣುತ್ತದೆ.
– ವರ್ಕ್‌ಶಾಪ್ ಮಾಲೀಕರು, ಮಂಡ್ಯ

ಉತ್ತರ: ಪರದೆಯ ಮೇಲೆ ಮೂಲೆ ಕಾಣುವುದು ಬೇರೆ, ಶೀಟಿನಲ್ಲಿ ಮೂಲೆ ಬರುವುದು ಬೇರೆ. ಮೊದಲನೆಯದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವೇಗ ಉಳಿಸಲು ಸಾಫ್ಟ್‌ವೇರ್ ನಿಜವಾದ ಕಂಸವನ್ನೂ ಪರದೆಯ ಮೇಲೆ ಚಿಕ್ಕ ಗೆರೆಗಳಲ್ಲಿ ತೋರಿಸುತ್ತದೆ. ರೀಜೆನ್ ಎಂಬ ಆಜ್ಞೆ ಕೊಟ್ಟ ಕೂಡಲೇ ಅದು ದುಂಡಗಾದರೆ ಫೈಲಿನಲ್ಲಿ ದೋಷವಿಲ್ಲ.

ಎರಡನೆಯದು ಫೈಲಿನ ದೋಷ. ಆ ಅಂಚನ್ನು ಆಯ್ದು ಲಿಸ್ಟ್ ಆಜ್ಞೆ ಕೊಡಿ. ಆರ್ಕ್ ಎಂದು ಬಂದು ಕೇಂದ್ರ ಹಾಗೂ ತ್ರಿಜ್ಯ ಕಾಣಿಸಿದರೆ ಅದು ನಿಜವಾದ ಕಂಸ. ಪಾಲಿಲೈನ್ (ಒಂದಕ್ಕೊಂದು ಜೋಡಿಸಿದ ಗೆರೆಗಳ ಸರಣಿ) ಎಂದು ಬಂದು ಕೆಳಗೆ ಹತ್ತಾರು ಬಿಂದುಗಳ ಸಾಲು ಉರುಳಿದರೆ, ಯಾರೋ ಚಿತ್ರವನ್ನು ಟ್ರೇಸ್ ಮಾಡಿಯೋ ಸ್ಪ್ಲೈನನ್ನು ಪರಿವರ್ತಿಸಿಯೋ ಕಂಸವನ್ನು ನೇರ ಗೆರೆಗಳಾಗಿ ಒಡೆದಿದ್ದಾರೆ. ಯಂತ್ರ ತನಗೆ ಕೊಟ್ಟದ್ದನ್ನೇ ಕತ್ತರಿಸಿದೆ. ಇದರ ಪರಿಣಾಮ ಎಷ್ಟೆಂದರೆ, 500 ಮಿ.ಮೀ. ತ್ರಿಜ್ಯದ ವೃತ್ತವನ್ನು 36 ಗೆರೆಗಳಾಗಿ ಒಡೆದರೆ ಪ್ರತಿ ಗೆರೆಯ ನಡುವೆ ಲೋಹ 1.9 ಮಿ.ಮೀ. ಒಳಗೆ ಸರಿಯುತ್ತದೆ. ಅದು ಬೆರಳಿಗೆ ತಾಗುತ್ತದೆ, ಬಣ್ಣ ಹೊಡೆದ ಮೇಲೆ ಇನ್ನೂ ಎದ್ದು ಕಾಣುತ್ತದೆ. ಗೆರೆಗಳನ್ನು 72ಕ್ಕೆ ಏರಿಸಿದರೆ ದೋಷ ಕಾಲು ಭಾಗಕ್ಕೆ, ಸುಮಾರು 0.48 ಮಿ.ಮೀ.ಗೆ ಇಳಿಯುತ್ತದೆ. ಆದರೂ ಗೆರೆ ಹೆಚ್ಚಿಸುವುದು ಪರಿಹಾರವಲ್ಲ, ಏಕೆಂದರೆ ಸಿ.ಎನ್.ಸಿ. ಭಾಷೆಯಲ್ಲಿ ಕಂಸಕ್ಕೆಂದೇ ಜಿ2, ಜಿ3 ಎಂಬ ಆಜ್ಞೆಗಳಿವೆ. ಜಿ2 ಪ್ರದಕ್ಷಿಣವಾಗಿ, ಜಿ3 ಅಪ್ರದಕ್ಷಿಣವಾಗಿ. ಫೈಲಿನಲ್ಲಿ ನಿಜವಾದ ಕಂಸವಿದ್ದರೆ, ಚಿತ್ರವನ್ನು ಯಂತ್ರದ ಆಜ್ಞೆಗಳಾಗಿ ಬದಲಿಸುವ ಕ್ಯಾಮ್ ಸಾಫ್ಟ್‌ವೇರ್ ಸಾಮಾನ್ಯವಾಗಿ ಆ ಆಜ್ಞೆಗಳನ್ನೇ ಬರೆಯುತ್ತದೆ, ಟಾರ್ಚು ಒಂದೇ ಉಸಿರಿನಲ್ಲಿ ತಿರುಗುತ್ತದೆ.

ಹಾಗಾದರೆ ಗಿರಾಕಿಯ ಫೈಲನ್ನು ಸರಿಪಡಿಸುವುದು ಹೇಗೆ? ಒಡೆದ ಗೆರೆಗಳ ಸಂಧಿಬಿಂದುಗಳು ಸಾಮಾನ್ಯವಾಗಿ ಮೂಲ ಕಂಸದ ಮೇಲೆಯೇ ಇರುತ್ತವೆ, ಗೆರೆಗಳ ನಡುಬಿಂದುಗಳು ಒಳಗೆ ಸರಿದಿರುತ್ತವೆ. ಆದ್ದರಿಂದ ಸ್ನ್ಯಾಪಿನಲ್ಲಿ ಎಂಡ್‌ಪಾಯಿಂಟ್ ಒಂದನ್ನೇ ಉಳಿಸಿಕೊಂಡು, ಮೊದಲ ಸಂಧಿ, ನಡುವಿನ ಒಂದು ಸಂಧಿ, ಕೊನೆಯ ಸಂಧಿ ಈ ಮೂರನ್ನು ಹಿಡಿದು ಮೂರು ಬಿಂದುಗಳ ಕಂಸ ಎಳೆಯಿರಿ. ಮೂರನ್ನೂ ಆದಷ್ಟು ದೂರ ದೂರ ಹಿಡಿಯಬೇಕು. ಪಕ್ಕಪಕ್ಕದ ಮೂರು ಸಂಧಿಗಳನ್ನು ಹಿಡಿದರೆ ಕೂದಲೆಳೆಯಷ್ಟು ದೋಷವೂ ತ್ರಿಜ್ಯವನ್ನು ಎಲ್ಲಿಗೋ ಒಯ್ಯುತ್ತದೆ. ತ್ರಿಜ್ಯ 499.87 ಎಂದು ಬಂದರೆ ಡಿಸೈನ್ ಮಾಡಿದವರ ಮನಸ್ಸಿನಲ್ಲಿದ್ದದ್ದು 500 ಎಂದು ಊಹಿಸಿ, ಗಿರಾಕಿಯನ್ನು ಒಮ್ಮೆ ಕೇಳಿ, ಅದೇ ತ್ರಿಜ್ಯದಿಂದ ಮತ್ತೆ ಎಳೆದು ಹಳೆಯ ಪಾಲಿಲೈನ್ ಅಳಿಸಿ. ಪಟ್ಟಿಯ ಒಳ ಹೊರ ಅಂಚುಗಳೆರಡೂ ಬೇಕಾದಾಗ ಒಂದನ್ನು ಎಳೆದು ಇನ್ನೊಂದನ್ನು ಆಫ್‌ಸೆಟ್ ಮಾಡಿ, ಕಾಪಿ ಮಾಡಬೇಡಿ. ಆಫ್‌ಸೆಟ್‌ನಲ್ಲಿ ಕೇಂದ್ರ ಅದೇ ಉಳಿದು ತ್ರಿಜ್ಯ ಮಾತ್ರ ಬದಲಾಗುವುದರಿಂದ ಪಟ್ಟಿಯ ಅಗಲ ಎಲ್ಲೆಡೆ ಒಂದೇ ಇರುತ್ತದೆ. ಕಾಪಿ ಮಾಡಿ ಮೇಲಕ್ಕೆ ಸರಿಸಿದರೆ ನೆತ್ತಿಯಲ್ಲಿ ಅಗಲ, ಬುಡದಲ್ಲಿ ಸಣಕಲು.

ಚೌಕ ಪೈಪನ್ನು ರೋಲಿಂಗ್ ಮಾಡಿಸುವಾಗ ಉದ್ದವನ್ನು ಪೈಪಿನ ನಡುಗೆರೆಯ ಮೇಲೆ ಲೆಕ್ಕ ಹಾಕಿ. ಮೇಲಿನ ಪ್ರಶ್ನೆಯ ಕಮಾನನ್ನೇ ತೆಗೆದುಕೊಂಡರೆ ಒಳ ಅಂಚಿನ ಉದ್ದ 1249 ಮಿ.ಮೀ.; ಅದರ ಮೇಲೆ 25 ಮಿ.ಮೀ. ಪೈಪು ಬಾಗಿಸಿದರೆ ನಡುಗೆರೆಯ ಉದ್ದ ಸುಮಾರು 1262. ಒಳ ಅಂಚಿನ ಅಳತೆಗೆ ಕತ್ತರಿಸಿದರೆ ವೆಲ್ಡಿಂಗ್ ಹೊತ್ತಿಗೆ ಪೈಪು ಸಾಲದೆ ಬರುತ್ತದೆ.

ಪ್ರಶ್ನೆ: ಬಡಾವಣೆಯ ನಕ್ಷೆ ಬರೆಯುತ್ತೇನೆ. ಎರಡು ರಸ್ತೆ ಸೇರುವಲ್ಲಿ ಕಂಸ ಎಳೆದರೆ ನೇರ ರೇಖೆಗೆ ಸೇರುವ ಜಾಗದಲ್ಲಿ ಸಣ್ಣದೊಂದು ಮುರಿವು ಉಳಿಯುತ್ತದೆ. ತುದಿ, ತುದಿ, ತ್ರಿಜ್ಯ ಕೊಟ್ಟರೆ ಕಂಸ ಕೆಲವೊಮ್ಮೆ ತಿರುಗುಮುರುಗಾಗಿಯೂ ಬೀಳುತ್ತದೆ.
– ಡ್ರಾಫ್ಟ್ಸ್‌ಮನ್, ಮೈಸೂರು

ಉತ್ತರ: ತಿರುಗುಮುರುಗಿಗೆ ಉತ್ತರ ಸುಲಭ. ಆಟೋಕ್ಯಾಡ್ ಮೂಲ ಸೆಟ್ಟಿಂಗ್‌ನಲ್ಲಿ ಈ ಬಗೆಯ ಕಂಸವನ್ನು ಮೊದಲ ತುದಿಯಿಂದ ಅಪ್ರದಕ್ಷಿಣವಾಗಿ ಎಳೆಯುತ್ತದೆ. ಮೇಲಕ್ಕೆ ಉಬ್ಬಿದ ಕಂಸ ಬೇಕಾದರೆ ಬಲ ತುದಿಯಿಂದ ಆರಂಭಿಸಿ ಎಡ ತುದಿಯಲ್ಲಿ ಮುಗಿಸಿ. ತ್ರಿಜ್ಯವನ್ನು ಋಣ ಸಂಖ್ಯೆಯಾಗಿ ಕೊಟ್ಟರೆ ಚಿಕ್ಕ ಕಂಸದ ಬದಲು ವೃತ್ತದ ಉಳಿದ ದೊಡ್ಡ ಭಾಗ ಬರುತ್ತದೆ ಎಂಬುದೂ ಗಮನದಲ್ಲಿರಲಿ.

ಮುರಿವು ಉಳಿಯುವುದಕ್ಕೆ ಕಾರಣ, ಆ ಕಂಸಕ್ಕೆ ನಿಮ್ಮ ನೇರ ರೇಖೆ ಸ್ಪರ್ಶಕವಾಗಿಲ್ಲ. ಎರಡು ತುದಿಗಳು ಸೇರಿದ ಮಾತ್ರಕ್ಕೆ ಸ್ಪರ್ಶಕವಾಗುವುದಿಲ್ಲ; ಕೇಂದ್ರದಿಂದ ಸೇರುವ ಬಿಂದುವಿಗೆ ಎಳೆದ ತ್ರಿಜ್ಯ ಆ ರೇಖೆಗೆ ಲಂಬವಾಗಿರಬೇಕು. ರಸ್ತೆಯ ಮೂಲೆಗೆ ಆರ್ಕ್ ಬಳಸಲೇಬೇಡಿ, ಫಿಲೆಟ್ ಬಳಸಿ: ತ್ರಿಜ್ಯ ಕೊಟ್ಟು ಎರಡೂ ರೇಖೆಗಳನ್ನು ಮುಟ್ಟಿದರೆ ಸ್ಪರ್ಶ ಬಿಂದುಗಳನ್ನು ಅದೇ ಕಂಡುಹಿಡಿದು ಹೆಚ್ಚಿನ ರೇಖೆಯನ್ನು ಕತ್ತರಿಸಿ ಹಾಕುತ್ತದೆ. ಮೂಲೆಯಿಂದ ಸ್ಪರ್ಶ ಬಿಂದುವಿನ ದೂರ, ತ್ರಿಜ್ಯವನ್ನು ತಿರುವು ಕೋನದ ಅರ್ಧದ ಟ್ಯಾನ್‌ನಿಂದ ಗುಣಿಸಿದಷ್ಟು. ರಸ್ತೆ 90 ಡಿಗ್ರಿ ತಿರುಗಿ ತ್ರಿಜ್ಯ 6 ಮೀಟರ್ ಇದ್ದರೆ ಆ ದೂರವೂ 6 ಮೀಟರ್. ತಿರುವು 60 ಡಿಗ್ರಿಯಾದರೆ 3.464 ಮೀಟರ್. ನಿವೇಶನದ ಮೂಲೆಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಫಿಲೆಟ್ ಕೂರುವುದಿಲ್ಲ, ಆಗ ತ್ರಿಜ್ಯವನ್ನೇ ಇಳಿಸಬೇಕು. ರೇಖೆಯೊಂದನ್ನು ಎಳೆದು ಮುಗಿಸಿ ಅಲ್ಲಿಂದಲೇ ತಿರುವು ಮುಂದುವರಿಸಬೇಕಾದಾಗ ಮಾತ್ರ ಆರ್ಕ್ ಆಜ್ಞೆ ಕೊಟ್ಟು, ಬಿಂದು ಕೇಳಿದಾಗ ಏನೂ ಕೊಡದೆ ಎಂಟರ್ ಒತ್ತಿ. ಆ ಕಂಸ ಹಿಂದಿನ ರೇಖೆಗೆ ತಾನಾಗಿಯೇ ಸ್ಪರ್ಶಕವಾಗಿ ಹೊರಡುತ್ತದೆ. ಈಗಾಗಲೇ ಬರೆದಿರುವ ನಕ್ಷೆಯಲ್ಲಿ ಅನುಮಾನವಿರುವ ಪ್ರತಿ ಮೂಲೆಗೂ ಕೇಂದ್ರದಿಂದ ಸಂಧಿಗೆ ಒಂದು ತಾತ್ಕಾಲಿಕ ಗೆರೆ ಎಳೆದು ಕೋನ ಅಳೆಯಿರಿ. 90.0000 ಬಾರದ ಮೂಲೆಗಳ ಕಂಸ ಅಳಿಸಿ, ರೇಖೆಗಳನ್ನು ಹಿಗ್ಗಿಸಿ ಒಂದಕ್ಕೊಂದು ಮುಟ್ಟಿಸಿ, ಮತ್ತೆ ಫಿಲೆಟ್ ಕೊಡಿ.